ಎಡಗಾಲಿಗೆ ಬಿಡುವು ಕೊಟ್ಟ ಕಾರು

ಕರ್ನಾಟಕದಲ್ಲಿ ವೋಲ್ವೊ ಎಂದೊಡನೆ ಜನರ ಕಣ್ಣೆದುರು ನಿಲ್ಲುವುದು ಬಸ್ಸು. ಹೊಸಕೋಟೆಯ ಕಾರ್ಖಾನೆಯಲ್ಲಿ 1998ರಲ್ಲಿ ಲಾರಿಗಳೂ 2001ರಿಂದ ಬಸ್ಸುಗಳೂ ತಯಾರಾಗತೊಡಗಿದ ಮೇಲೆ ಆ ಹೆಸರು ನಮ್ಮಲ್ಲಿ ಒಂದು ಬಗೆಯ ಬಸ್ಸಿನ ರೂಢನಾಮವೇ ಆಗಿಬಿಟ್ಟಿತು. ಅದರ ತವರಾದ ಸ್ವೀಡನ್ನಿನಲ್ಲಿ ಮಾತ್ರ ಹಿಂದಿನ ತಲೆಮಾರಿನವರಿಗೆ ಅದು ನೆನಪಿಸುವುದು ಬೇರೊಂದು ವಾಹನವನ್ನು: ಒಂದು ಸಂಸಾರವನ್ನೂ ಅದರ ಗಂಟುಮೂಟೆಯನ್ನೂ ಹೊತ್ತೊಯ್ಯುವ, ಪೆಟ್ಟಿಗೆಯ ಆಕಾರದ, ಸೊಗಸಿನ ಗೊಡವೆಗೆ ಹೋಗದ ಒಂದು ಕಾರನ್ನು. 1974ರ ಆಗಸ್ಟಿನಲ್ಲಿ ಬೆಳಕಿಗೆ ಬಂದು, 1993ರ ಮೇ ತಿಂಗಳವರೆಗೆ ತಯಾರಾದ ವೋಲ್ವೊ 240 ಎಂಬ ಆ ಕಾರಿನ ಚರಿತ್ರೆಯೇ ಈ ಹೊತ್ತಿನ ವಿಷಯ.

ಮೋಟಾರು ವಾಹನಗಳ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ವೇಗದ ಚರಿತ್ರೆಯೆಂದು ಓದುತ್ತೇವೆ. ಇಲ್ಲವೇ ಸಿರಿವಂತಿಕೆಯ ಚರಿತ್ರೆಯೆಂದು ಓದುತ್ತೇವೆ. ಈ ಕಾರು ರಾಜವೈಭವಕ್ಕಾಗಿ ಹುಟ್ಟಿದ್ದಲ್ಲ. ಪಂದ್ಯ ಗೆಲ್ಲಲೆಂದು ಹುಟ್ಟಿದ್ದೂ ಅಲ್ಲ. ಆದರೂ ಅದರ ಹಿಂದೆ ಒಂದು ಗಹನವಾದ ಪ್ರಶ್ನೆಯಿದೆ. ಯಂತ್ರವನ್ನು ನಡೆಸುವ ಮನುಷ್ಯನನ್ನು ಕುರಿತು ಯಂತ್ರವನ್ನು ನಿರ್ಮಿಸುವವನು ಏನೆಂದು ಭಾವಿಸಬೇಕು? ಎಂದೂ ಎಡವದ ಜಾಣನೆಂದೇ, ಅಥವಾ ಒಂದಲ್ಲ ಒಂದು ದಿನ ಎಡವಿಯೇ ತೀರುವ ಸಾಮಾನ್ಯನೆಂದೇ?

ಈ ಪ್ರಶ್ನೆ ಮೊದಲು ತಲೆದೋರಿದ್ದು ಚಾಲಕನ ಕಾಲಿನ ಬಳಿ. ಕ್ಲಚ್ಚನ್ನು ಎಡಗಾಲಿನಿಂದ ಒತ್ತಿ, ಕೈಯಿಂದ ಗೇರು ಬದಲಿಸಿ, ಮತ್ತೆ ಕ್ಲಚ್ಚನ್ನು ಹದವರಿತು ಬಿಡುವ ಕೆಲಸ ಅಭ್ಯಾಸವಾದವರಿಗೆ ಉಸಿರಾಟದಷ್ಟು ಸಹಜ. ಕಲಿಯುವವರಿಗೆ ಅದೇ ಪರ್ವತ. ಈ ಹೊರೆಯನ್ನು ಇಳಿಸಿದ ಉಪಾಯ ಹುಟ್ಟಿದ್ದು ರಸ್ತೆಯ ಮೇಲಲ್ಲ, ಹಡಗುಕಟ್ಟೆಯಲ್ಲಿ. ಜರ್ಮನಿಯ ಹರ್ಮನ್ ಫೋಟಿಂಗರ್ ಎಂಬ ಇಂಜಿನಿಯರ್ ಸ್ಟೆಟಿನ್ ನಗರದ ವಲ್ಕನ್ ಹಡಗು ಕಾರ್ಖಾನೆಯಲ್ಲಿದ್ದಾಗ 1905ರಲ್ಲಿ ಅದಕ್ಕೆ ಪೇಟೆಂಟ್ ಪಡೆದನು. ಉಗಿಯ ಟರ್ಬೈನು ಅತಿವೇಗವಾಗಿ ತಿರುಗುತ್ತದೆ. ಹಡಗಿನ ಪ್ರೊಪೆಲರಾದರೋ ನಿಧಾನವಾಗಿ ತಿರುಗಬೇಕು. ಎರಡನ್ನೂ ಹೊಂದಿಸಲು ಅವನು ಆಶ್ರಯಿಸಿದ್ದು ದ್ರವವನ್ನು.

ಅದರ ತತ್ತ್ವ ಸರಳವಾದುದು. ಎರಡು ಪಂಖಗಳನ್ನು ಎದುರುಬದುರಾಗಿ ಇಟ್ಟು ಒಂದನ್ನು ನಡೆಸಿದರೆ, ಅದರ ಗಾಳಿಗೆ ಇನ್ನೊಂದೂ ತಿರುಗತೊಡಗುತ್ತದೆ. ಗಾಳಿಯ ಬದಲು ಎಣ್ಣೆಯನ್ನು ತುಂಬಿ, ಎರಡು ಚಕ್ರಗಳನ್ನೂ ಒಂದೇ ಡಬ್ಬಿಯೊಳಗೆ ಮುಚ್ಚಿಬಿಟ್ಟರೆ, ಲೋಹಕ್ಕೆ ಲೋಹ ತಾಗದೆಯೇ ಬಲವು ಒಂದರಿಂದ ಇನ್ನೊಂದಕ್ಕೆ ಹರಿಯುತ್ತದೆ. ನಡುವೆ ಇರಿಸಿದ ಮೂರನೆಯ ಚಕ್ರ ಹಿಂದಿರುಗುವ ಎಣ್ಣೆಯ ದಿಕ್ಕನ್ನು ತಿದ್ದಿ ತಿರುಗಿಸುವ ಬಲವನ್ನು ಹೆಚ್ಚಿಸುತ್ತದೆ. ಇದರ ಹಿಂದೆ ಹಲ್ಲುಚಕ್ರಗಳ ಒಂದು ಪುಟ್ಟ ಸೌರಮಂಡಲ: ನಡುವೆ ಸೂರ್ಯಚಕ್ರ, ಸುತ್ತ ಗ್ರಹಚಕ್ರಗಳು, ಹೊರಗೆ ಎಲ್ಲವನ್ನೂ ಬಳಸಿನಿಂತ ಹಲ್ಲಿನ ಉಂಗುರ. ಇವುಗಳಲ್ಲಿ ಒಂದನ್ನು ಹಿಡಿದು ನಿಲ್ಲಿಸಿದರೆ ಒಂದು ಗೇರು, ಮತ್ತೊಂದನ್ನು ನಿಲ್ಲಿಸಿದರೆ ಇನ್ನೊಂದು ಗೇರು. ಹಿಡಿಯುವ, ಬಿಡುವ ಕೆಲಸವನ್ನು ಎಣ್ಣೆಯ ಒತ್ತಡವೇ ಮಾಡುತ್ತದೆ.

ಅಮೆರಿಕದಲ್ಲಿ ಓಲ್ಡ್ಸ್‌ಮೊಬೀಲ್ ಕಾರಿನ 1940ರ ಮಾದರಿಯೊಂದಿಗೆ ಸ್ವಯಂಚಾಲಿತ ಗೇರು ಜನಸಾಮಾನ್ಯರ ಕೈಗೆ ಬಂದಿತು. ಅದೇ ಗೇರುಪೆಟ್ಟಿಗೆ ಎರಡನೆಯ ಮಹಾಯುದ್ಧದಲ್ಲಿ ಟ್ಯಾಂಕುಗಳನ್ನೂ ನಡೆಸಿತು. ಯುರೋಪು ಮಾತ್ರ ಹಿಂದೆಗೆಯಿತು. ಅದಕ್ಕೆ ಕಾರಣಗಳಿದ್ದವು. ಅಲ್ಲಿ ಎಂಜಿನ್ನುಗಳು ಚಿಕ್ಕವು, ಪೆಟ್ರೋಲು ತುಟ್ಟಿ. ಎಣ್ಣೆಯ ಜಾರಿಕೆಯಲ್ಲಿ ಬಲದ ಒಂದು ಪಾಲು ಬರಿಯ ಶಾಖವಾಗಿ ಹೋಗುವುದನ್ನು ಆ ಪುಟ್ಟ ಎಂಜಿನ್ನುಗಳು ತಾಳಲಾರವು. ಇವುಗಳ ಜೊತೆಗೆ ಲೆಕ್ಕಕ್ಕೆ ಸಿಗದ ಇನ್ನೊಂದು ಕಾರಣ: ಅಭಿಮಾನ. ಗೇರನ್ನು ತಾನೇ ಬದಲಿಸದವನು ಚಾಲಕನೇ ಅಲ್ಲ ಎಂಬ ಭಾವನೆ.

ಈ ಅಡ್ಡಿಗಳಲ್ಲಿ ಮೊದಲಿನದನ್ನು ದಾಟಲು ನೆರವಾದದ್ದು 1960ರ ದಶಕದ ಆರಂಭದಲ್ಲಿ ಬಂದ ಬೋರ್ಗ್-ವಾರ್ನರ್ ಸಂಸ್ಥೆಯ 35ನೆಯ ಮಾದರಿ. ಇಂಗ್ಲೆಂಡಿನ ಲೆಚ್‌ವರ್ತ್‌ನಲ್ಲಿ ತಯಾರಾದ, ಮೂರು ಗೇರುಗಳ ಈ ಪೆಟ್ಟಿಗೆ ಮಧ್ಯಮ ಗಾತ್ರದ ಕಾರುಗಳಿಗೆಂದೇ ಅಳೆದು ಮಾಡಿದ್ದು. ವೋಲ್ವೊ ಅದನ್ನು ತನ್ನ ಅಮೆಜಾನ್ ಕಾರಿನಲ್ಲಿ, ಅನಂತರ 1966ರಲ್ಲಿ ಬಂದ 140ರಲ್ಲಿ, ಕೊನೆಗೆ 240ರಲ್ಲಿಯೂ ಬೇಕೆಂದವರಿಗೆ ಒದಗಿಸಿತು. ಬೇಡವೆಂದವರಿಗೆ ಕ್ಲಚ್ಚು ಇದ್ದೇ ಇತ್ತು. ಮುಂದೆ ಜಪಾನಿನ ಐಸಿನ್-ವಾರ್ನರ್ ಸಂಸ್ಥೆಯ ನಾಲ್ಕು ಗೇರುಗಳ ಪೆಟ್ಟಿಗೆ ಬಂದು, 1973ರ ತೈಲ ಬಿಕ್ಕಟ್ಟಿನ ಮೇಲೆ ಹೆಚ್ಚಿದ್ದ ಪೆಟ್ರೋಲಿನ ಚಿಂತೆಯನ್ನು ಒಂದಿಷ್ಟು ಹಗುರಗೊಳಿಸಿತು. ಜರ್ಮನಿಯ ತತ್ತ್ವ, ಅಮೆರಿಕದ ಬಳಕೆ, ಇಂಗ್ಲೆಂಡಿನ ಮತ್ತು ಜಪಾನಿನ ಕೈಗಾರಿಕೆ, ಇಷ್ಟೂ ಸೇರಿ ಒಬ್ಬ ಸ್ವೀಡನ್ನಿನ ಗೃಹಸ್ಥನ ಎಡಗಾಲಿಗೆ ಬಿಡುವು!

ಇಷ್ಟರಿಂದ ಏನು ಸಾಧಿಸಿದಂತಾಯಿತು ಎಂದು ಕೇಳುಗರಲ್ಲಿ ಕೆಲವರು ಪ್ರಶ್ನಿಸಬಹುದು. ಸುಖವನ್ನು ಹೆಚ್ಚಿಸುವ ಯಂತ್ರ ಎಚ್ಚರವನ್ನು ಕಡಿಮೆ ಮಾಡೀತು ಎಂಬ ಅಂಜಿಕೆ ಅಂದೂ ಇತ್ತು, ಇಂದೂ ಇದೆ. ಆ ಅಂಜಿಕೆ ನಿರಾಧಾರವಲ್ಲ. ಕಲಿತ ಕೌಶಲವೊಂದು ಕೈಬಿಟ್ಟು ಹೋಗುವುದು ನಷ್ಟವೇ ಸರಿ. ಆದರೆ ಗೋಥೆನ್‌ಬರ್ಗಿನ ಇಂಜಿನಿಯರರು ಸುಖದ ಬಳಿಯೇ ನಿಲ್ಲಲಿಲ್ಲ; ಚಾಲಕನ ಎಚ್ಚರವೂ ತಪ್ಪಿದ ಗಳಿಗೆಯಲ್ಲಿ ಏನಾಗಬೇಕೆಂದು ಯೋಚಿಸಿದರು. ಇಲ್ಲಿಯೇ ಈ ಕಾರಿನ ಹಿರಿಮೆ.

1958ರಲ್ಲಿ ನಿಲ್ಸ್ ಬೊಲಿನ್ ಎಂಬಾತ ಆ ಸಂಸ್ಥೆಯನ್ನು ಸೇರಿದನು. ಅದಕ್ಕೆ ಮುಂಚೆ ಸಾಬ್ ಸಂಸ್ಥೆಯಲ್ಲಿ ಅವನು ಮಾಡುತ್ತಿದ್ದುದು, ಅಪಾಯದಲ್ಲಿ ವೈಮಾನಿಕನನ್ನು ವಿಮಾನದಿಂದ ಹೊರಕ್ಕೆ ಎಸೆಯುವ ಆಸನಗಳ ರಚನೆ. ಹೊರಗೆಸೆಯುವ ವಿದ್ಯೆ ಬಲ್ಲವನು ಹಿಡಿದಿಡುವ ವಿದ್ಯೆಗೆ ಕೈಹಾಕಿದನು. ಆಗ ಬಳಕೆಯಲ್ಲಿದ್ದ ಬೆಲ್ಟುಗಳಲ್ಲಿ ಕೆಲವು ಸೊಂಟವನ್ನು ಮಾತ್ರ ಬಿಗಿಯುತ್ತಿದ್ದವು. ಎದೆಯ ಮೇಲೆ ಹಾದು ಪಕ್ಕೆಯ ಬಳಿ ಕೊಂಡಿ ಬೀಳುತ್ತಿದ್ದ ಬೆಲ್ಟುಗಳಾದರೋ ಒಳಗಿನ ಅಂಗಗಳಿಗೇ ಅಪಾಯ ತರುವಂಥವು. ಬೊಲಿನ್ 1959ರಲ್ಲಿ ರೂಪಿಸಿದ ಬೆಲ್ಟು ಎದೆಯನ್ನೂ ಸೊಂಟವನ್ನೂ ಹಿಡಿದು, ಆಸನದ ಪಕ್ಕದಲ್ಲಿ ಕೆಳಗೆ ಒಂದೇ ಬಿಂದುವಿನಲ್ಲಿ ಸೇರುತ್ತಿತ್ತು. ಒಂದೇ ಕೈಯಿಂದ ತೊಡಲು ಸಾಧ್ಯವಾಗಬೇಕೆಂಬುದು ಅವನ ಕಟ್ಟುನಿಟ್ಟು. ತೊಡಕಿನದಾದರೆ ಜನ ತೊಡುವುದಿಲ್ಲವೆಂದು ಅವನು ಬಲ್ಲ. ವೋಲ್ವೊ ಸಂಸ್ಥೆ ಆ ಪೇಟೆಂಟನ್ನು ಎಲ್ಲ ಕಾರು ತಯಾರಕರ ಬಳಕೆಗೂ ತೆರೆದಿಟ್ಟಿತು. ವ್ಯಾಪಾರದ ಚರಿತ್ರೆಯಲ್ಲಿ ಇಂಥ ಔದಾರ್ಯ ಅಪರೂಪ.

1967ರಲ್ಲಿ ಆ ಸಂಸ್ಥೆ ಸ್ವೀಡನ್ನಿನಲ್ಲಿ ತನ್ನ ಕಾರುಗಳಿಗೆ ಸಂಭವಿಸಿದ 28,000 ಅಪಘಾತಗಳ ವರದಿಯನ್ನು ಪ್ರಕಟಿಸಿತು. ಬೆಲ್ಟು ತೊಡದವರು ಎಲ್ಲ ವೇಗಗಳಲ್ಲಿಯೂ ಸತ್ತಿದ್ದರು. ತೊಟ್ಟವರಲ್ಲಿ ಗಂಟೆಗೆ ಸುಮಾರು 96 ಕಿಲೋಮೀಟರಿಗಿಂತ ಕಡಿಮೆ ವೇಗದಲ್ಲಿ ಸತ್ತವರು ಒಬ್ಬರೂ ಇರಲಿಲ್ಲ. ಅದೇ ವರ್ಷದ ಸೆಪ್ಟೆಂಬರ್ 3ರಂದು ಸ್ವೀಡನ್ ರಸ್ತೆಯ ಎಡಬದಿಯನ್ನು ಬಿಟ್ಟು ಬಲಬದಿಗೆ ಹೊರಳಿತು. ಒಂದೇ ಮುಂಜಾನೆ ಇಡೀ ದೇಶದ ನುರಿತ ಚಾಲಕರೆಲ್ಲ ಮತ್ತೆ ಕಲಿಯುವವರಾದರು. ಮನುಷ್ಯನ ಅಭ್ಯಾಸಬಲ ಎಷ್ಟು, ಅದರ ಮಿತಿ ಎಷ್ಟು ಎಂಬುದನ್ನು ಒಂದು ರಾಷ್ಟ್ರ ಒಟ್ಟಾಗಿ ಪರೀಕ್ಷಿಸಿಕೊಂಡ ದಿನ ಅದು.

ಈ ಚಿಂತನೆಯ ಮುಪ್ಪುರಿಯಿಂದ ಬಂದದ್ದು 240. ಯಾನ್ ವಿಲ್ಸ್‌ಗೋರ್ಡ್ ರೂಪಿಸಿದ 140ರ ಚೌಕಟ್ಟನ್ನು ಉಳಿಸಿಕೊಂಡು, 1972ರಲ್ಲಿ ಪ್ರಯೋಗಕ್ಕೆಂದೇ ನಿರ್ಮಿಸಿದ್ದ ಸುರಕ್ಷಾ ಕಾರಿನಿಂದ ಕಲಿತದ್ದನ್ನು ಅದಕ್ಕೆ ಅಳವಡಿಸಿದರು. ಡಿಕ್ಕಿಯಾದಾಗ ಮುಂಭಾಗ, ಹಿಂಭಾಗಗಳು ತಾವು ನಜ್ಜುಗುಜ್ಜಾಗಿ ಪೆಟ್ಟನ್ನು ನುಂಗುತ್ತವೆ. ಜನ ಕುಳಿತ ನಡುಮನೆ ಗಟ್ಟಿಯಾಗಿ ಉಳಿಯುತ್ತದೆ. ಈ ಕಲ್ಪನೆಯ ಮೂಲಪುರುಷ ಜರ್ಮನಿಯ ಮರ್ಸಿಡಿಸ್ ಸಂಸ್ಥೆಯಲ್ಲಿದ್ದ ಬೇಲಾ ಬಾರೆನಿ. ಅದನ್ನು ಸಾಧಾರಣ ಸಂಸಾರಸ್ಥರ ಕಾರಿನ ಸಹಜಗುಣವಾಗಿಸಿದವರಲ್ಲಿ ವೋಲ್ವೊದವರು ಮುಂಚೂಣಿಯವರು. ಅಮೆರಿಕದ ರಸ್ತೆ ಸುರಕ್ಷತಾ ಆಡಳಿತ 1976ರಲ್ಲಿ ತನ್ನ ಪರೀಕ್ಷೆಗಳಿಗೆಂದು ಈ ಕಾರುಗಳನ್ನೇ ಕೊಂಡುಕೊಂಡಿತು. ಸ್ವೀಡನ್ನಿನಲ್ಲಿ 1975ರಿಂದ ಮುಂದಿನ ಆಸನದವರಿಗೆ ಬೆಲ್ಟು ಕಡ್ಡಾಯವಾಯಿತು.

ಹತ್ತೊಂಬತ್ತು ವರ್ಷಗಳಲ್ಲಿ 28 ಲಕ್ಷಕ್ಕೂ ಹೆಚ್ಚು ಕಾರುಗಳು ಈ ಕುಲದಲ್ಲಿ ಹೊರಬಂದವು. ಕೊನೆಯದು ಹೊರಬಿದ್ದ ನಾಲ್ಕು ವರ್ಷಗಳ ಮೇಲೆ, 1997ರಲ್ಲಿ, ಸ್ವೀಡನ್ನಿನ ಸಂಸತ್ತು ರಸ್ತೆಯ ಮೇಲೆ ಒಂದು ಸಾವೂ ಸಹ್ಯವಲ್ಲವೆಂಬ ಧೋರಣೆಯನ್ನು ಅಂಗೀಕರಿಸಿತು. ಮನುಷ್ಯ ತಪ್ಪುವುದು ಸಹಜ, ಆ ತಪ್ಪಿಗೆ ಮರಣವೇ ದಂಡವಾಗದಂತೆ ರಸ್ತೆಯನ್ನೂ ವಾಹನವನ್ನೂ ರಚಿಸುವುದು ಕಟ್ಟುವವರ ಹೊಣೆ ಎಂಬುದು ಅದರ ಸಾರ. ಕಾರ್ಖಾನೆಯಲ್ಲಿ ಹುಟ್ಟಿದ ವಿವೇಕ ಹೀಗೆ ರಾಜ್ಯನೀತಿಯೂ ಆಯಿತು.

ಪರಿಣತನಿಗೆ ತಕ್ಕ ಯಂತ್ರವನ್ನು ಮಾಡುವುದು ಜಾಣತನ; ದಣಿದವನಿಗೆ, ಮರೆತವನಿಗೆ, ಬೆಚ್ಚಿದವನಿಗೆ ತಕ್ಕ ಯಂತ್ರವನ್ನು ಮಾಡುವುದು ಕರುಣೆ. ಆದರೆ ಕರುಣೆಯೂ ಒಮ್ಮುಖವಾಗಿ ನಡೆಯದು. ಎಡಗಾಲಿನ ಹೊರೆಯನ್ನು ಇಳಿಸಿಕೊಂಡ ಈ ಕಾರು ಚಾಲಕನಿಂದ ಮರಳಿ ಬೇಡಿದ್ದು ಅಲ್ಪ: ಹೊರಡುವ ಮುನ್ನ ಒಂದು ಕೈ ಚಾಚಿ ಬೆಲ್ಟಿನ ಕೊಂಡಿಯನ್ನು ಸಿಕ್ಕಿಸುವುದು. ಅಷ್ಟನ್ನು ಯಾವ ಯಂತ್ರಕ್ಕೂ ಒಪ್ಪಿಸದೆ ನಾವೇ ಮಾಡಬೇಕು.