ಅಫೀಮು, ಬೊಕ್ಕಸ ಮತ್ತು ಪೊಲೀಸು

ಅಮೆರಿಕದ ಸಂಯುಕ್ತ ಸಂಸ್ಥಾನಗಳು 1914ರಲ್ಲಿ ಅಫೀಮಿನ ವ್ಯಸನವನ್ನು ತಡೆಯಹೊರಟು ವಿಧಿಸಿದ ಹ್ಯಾರಿಸನ್ ಶಾಸನವು ಹೆಸರಿಗೆ ತೆರಿಗೆಯ ಕಾನೂನಾಗಿತ್ತು. ಅದನ್ನು ನಡೆಸುವ ಭಾರವೂ ಬೊಕ್ಕಸದ ಇಲಾಖೆಗೇ ಬಿದ್ದಿತು. ಹೆರಾಯಿನ್ ಅಷ್ಟರಲ್ಲಿ ಅಪರಿಚಿತ ವಸ್ತುವೇನೂ ಆಗಿರಲಿಲ್ಲ. ಜರ್ಮನಿಯ ಬೇಯರ್ ಕಂಪನಿಯು 1898ರಿಂದ ಅದನ್ನು ಕೆಮ್ಮಿನ ಔಷಧವೆಂದು ಮಾರಿತ್ತು! ಚಟವು ನಡೆದುಕೊಂಡು ಹೋಗಲೆಂದೇ ವೈದ್ಯನು ವ್ಯಸನಿಗೆ ಮಾರ್ಫಿನ್ ಬರೆದುಕೊಡಲಾಗದೆಂದು 1919ರಲ್ಲಿ ಅಲ್ಲಿನ ಶ್ರೇಷ್ಠ ನ್ಯಾಯಾಲಯವು ತೀರ್ಮಾನಿಸಿತು. ಕೆಲವು ಊರುಗಳಲ್ಲಿ ತೆರೆದಿದ್ದ ಚಿಕಿತ್ಸಾಲಯಗಳು ಬೇಗನೆ ಮುಚ್ಚಿದವು. ರೋಗಿಯು ವೈದ್ಯನ ಬಾಗಿಲನ್ನು ಬಿಟ್ಟು ಪೊಲೀಸು ಠಾಣೆಯ ಬಾಗಿಲಿಗೆ ಬಂದನು. ಆ ದೇಶದ ಮುಂದಿನ ಕಷ್ಟಗಳಲ್ಲಿ ಈ ತಿರುವಿನ ಪಾಲು ಸಣ್ಣದಲ್ಲವೆಂದೇ ನಾವು ಎಣಿಸುತ್ತೇವೆ.

ತೊಂಬತ್ತು ವರ್ಷಗಳ ಮೇಲೆ, ಅದೇ ಠಾಣೆಗೆ ಬೊಕ್ಕಸದಿಂದ ಬೇರೊಂದು ಬಗೆಯ ನೆರವು ಬಂದಿತು. ಮ್ಯಾಸಚೂಸೆಟ್ಸ್ ಸಂಸ್ಥಾನದ ಕ್ವಿನ್ಸಿ ಪಟ್ಟಣದ ಪೊಲೀಸರು 2010ರಲ್ಲಿ ಗಸ್ತಿಗೆ ಹೊರಡುವಾಗ ನಲಾಕ್ಸೋನ್ ಎಂಬ ಔಷಧವನ್ನು ಒಯ್ಯತೊಡಗಿದರು. ಅದನ್ನು ಒದಗಿಸಿದ್ದು ಸಂಸ್ಥಾನದ ಆರೋಗ್ಯ ಇಲಾಖೆ. ಮಿತಿಮೀರಿ ಹೆರಾಯಿನ್ ಸೇವಿಸಿದವನ ಉಸಿರು ಅಡಗುತ್ತಿರುವಾಗ ಇದನ್ನು ಮೂಗಿಗೆ ಸಿಂಪಡಿಸಿದರೆ, ಮೆದುಳಿನಲ್ಲಿ ಆ ವಿಷವು ಹಿಡಿದ ಸ್ಥಾನವನ್ನು ಔಷಧವು ಕಸಿದುಕೊಳ್ಳುತ್ತದೆ. ಕೆಲವೇ ನಿಮಿಷಗಳಲ್ಲಿ ಉಸಿರು ಮರಳುತ್ತದೆ. ವೈದ್ಯನ ಕೆಲಸವು ಪೇದೆಗೇಕೆ ಎನ್ನುವವರುಂಟು. ಕರೆ ಬಂದಾಗ ಎಷ್ಟೋ ಸಲ ಮೊದಲು ತಲಪುವವನು ಅವನೇ ಅಲ್ಲವೆ?

ಆದರೆ ಕರೆಯಬೇಕಾದವರಿಗೆ ಪೊಲೀಸರ ಭಯ. ಸಾಯುತ್ತಿರುವ ಗೆಳೆಯನ ಪಕ್ಕದಲ್ಲಿ ಕುಳಿತವನ ಜೇಬಿನಲ್ಲಿಯೂ ಅದೇ ಪುಡಿ. ಹಾಗೆ ನೆರವು ಕೋರಿದವನ ಮೇಲೆ ಮಾದಕವಸ್ತುವನ್ನು ಇಟ್ಟುಕೊಂಡ ಅಪರಾಧವನ್ನು ಹೊರಿಸಲಾಗದೆಂದು 2012ರಲ್ಲಿ ಆ ಸಂಸ್ಥಾನವು ಶಾಸನವನ್ನು ಮಾಡಿತು.