ದೆಹಲಿ ರಾಜಧಾನಿ ಪ್ರದೇಶ: ಆತ್ಮಹತ್ಯೆ ಮತ್ತು ಸ್ವಯಂಹಾನಿಯ ದಾಖಲೆ

ದೆಹಲಿ ರಾಜಧಾನಿ ಪ್ರದೇಶಕ್ಕೆಲ್ಲ ಅನ್ವಯಿಸುವ ಒಂದೇ ಆತ್ಮಹತ್ಯಾ ದರ ಎಂಬುದು ಇಲ್ಲ. 1985ರ ಕಾಯ್ದೆಯಿಂದ ನಗರಯೋಜನೆಯ ಮಟ್ಟಿಗೆ ಒಂದಾದ ಈ ಪ್ರದೇಶ ಪೊಲೀಸ್ ಲೆಕ್ಕದಲ್ಲಿ ದೆಹಲಿ, ಹರಿಯಾಣ, ಉತ್ತರ ಪ್ರದೇಶ, ರಾಜಸ್ಥಾನಗಳಿಗೆ ಹಂಚಿಹೋಗಿದೆ. 1967ರಿಂದ ಪ್ರಕಟವಾಗುತ್ತಿರುವ, ಈಗ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಹೊರತರುವ ವಾರ್ಷಿಕ ವರದಿಯ ನಗರಪಟ್ಟಿಯಲ್ಲಿ ಫರೀದಾಬಾದ್, ಗಾಜಿಯಾಬಾದ್ ಇವೆ; 2011ರ ಜನಗಣತಿಯಲ್ಲಿ ಹತ್ತು ಲಕ್ಷ ಮುಟ್ಟದ ಗುರುಗ್ರಾಮ, ನೋಯ್ಡಾ ಇಲ್ಲ. 2021ರಲ್ಲಿ ದೆಹಲಿ ನಗರ 2,760 ಸಾವುಗಳೊಂದಿಗೆ 53 ನಗರಗಳಲ್ಲಿ ಮೊದಲನೆಯದು. ಬೆಂಗಳೂರಿನದು 2,292. ಜನಸಂಖ್ಯೆಗೆ ಭಾಗಿಸಿದರೆ ಬೆಂಗಳೂರೇ ಮುಂದೆ. ಸುದ್ದಿಯ ತಲೆಬರಹಗಳು ಇಷ್ಟು ತಾಳ್ಮೆ ತೋರಿಸುವುದು ಅಪರೂಪ.

ದಾಖಲೆಯ ಬಗ್ಗೆಯೇ ಬೀದಿಯಲ್ಲಿ ಜಗಳ ಎದ್ದದ್ದು 1979ರ ಸುಮಾರಿಗೆ. ಹೊಸದಾಗಿ ಮದುವೆಯಾದ ಹೆಂಗಸರ ಸಾವುಗಳನ್ನು ‘ಸ್ಟೌ ಸಿಡಿದು’ ಎಂದೋ ಆತ್ಮಹತ್ಯೆ ಎಂದೋ ಬರೆದು ಕಡತ ಮುಚ್ಚುವುದು ಠಾಣೆಗಳ ರೂಢಿಯಾಗಿತ್ತು. ಅವುಗಳಲ್ಲಿ ಕೊಲೆಗಳೂ ಇವೆ ಎಂದು ದೆಹಲಿಯ ಮಹಿಳಾ ಸಂಘಟನೆಗಳು ಗಂಡನ ಮನೆಗಳ ಮುಂದೆಯೇ ಘೋಷಣೆ ಕೂಗಿದವು. 1983ರ ತಿದ್ದುಪಡಿಯ ನಂತರ, ಮದುವೆಯಾಗಿ ಏಳು ವರ್ಷದೊಳಗೆ ಸಂಭವಿಸುವ ಇಂಥ ಸಾವುಗಳು ಮ್ಯಾಜಿಸ್ಟ್ರೇಟ್ ವಿಚಾರಣೆಯ ವ್ಯಾಪ್ತಿಗೆ ಬಂದವು. 1986ರಲ್ಲಿ ವರದಕ್ಷಿಣೆ ಸಾವು ಪ್ರತ್ಯೇಕ ಅಪರಾಧವಾಯಿತು. ಹೀಗಾಗಿ ಅದಕ್ಕೆ ಹಿಂದಿನ ಅಂಕಿಗಳನ್ನು ಮುಂದಿನವುಗಳ ಪಕ್ಕಕ್ಕಿಟ್ಟು ಏರಿಳಿತ ಹೇಳುವುದು ಸಲ್ಲದು.

ಸ್ವಯಂಹಾನಿಯ ಲೆಕ್ಕ ಇನ್ನೂ ತೆಳು. ಆತ್ಮಹತ್ಯಾ ಯತ್ನ ದಂಡಸಂಹಿತೆಯ 309ನೇ ಕಲಮಿನಡಿ ಅಪರಾಧವಾಗಿದ್ದರಿಂದ ಕ್ಯಾಶುವಾಲ್ಟಿಯಲ್ಲಿ ವೈದ್ಯರು ಕೇಳಿದರೆ ‘ಅಕಸ್ಮಾತ್ ಆಗಿಹೋಯ್ತು’ ಎಂದುಬಿಡುವುದೇ ಮನೆಯವರಿಗೆ ಕ್ಷೇಮವಾಗಿತ್ತು. ದೆಹಲಿ ಹೈಕೋರ್ಟ್ 1985ರಲ್ಲೇ ಈ ಕಲಮನ್ನು ಕಟುವಾಗಿ ಟೀಕಿಸಿತು. ಸುಪ್ರೀಂ ಕೋರ್ಟ್ 1994ರಲ್ಲಿ ರದ್ದುಮಾಡಿ 1996ರಲ್ಲಿ ಮತ್ತೆ ಎತ್ತಿಹಿಡಿಯಿತು. 2018ರಲ್ಲಿ ಜಾರಿಯಾದ ಮಾನಸಿಕ ಆರೋಗ್ಯ ಕಾಯ್ದೆ ಅದರ ಹಲ್ಲು ಕಿತ್ತಿತು. 2024ರಲ್ಲಿ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಕಲಮೇ ಇಲ್ಲ, ಆದರೆ ಸರ್ಕಾರಿ ನೌಕರರನ್ನು ಮಣಿಸಲೆಂದು ಮಾಡುವ ಯತ್ನ ಈಗಲೂ ಅಪರಾಧವೇ.

ಸಾವಿನ ಲೆಕ್ಕವೂ ಪೂರ್ತಿಯಲ್ಲ. 2010ಕ್ಕೆ ದೇಶದಾದ್ಯಂತ ಪೊಲೀಸ್ ಅಂಕಿ ಸುಮಾರು 1.35 ಲಕ್ಷ, ಮನೆಮನೆ ಸಮೀಕ್ಷೆ ಆಧರಿಸಿ 2012ರಲ್ಲಿ ‘ಲ್ಯಾನ್ಸೆಟ್’ ಪ್ರಕಟಿಸಿದ ಅಂದಾಜು 1.87 ಲಕ್ಷ.

ಸಣ್ಣ ಸಮುದಾಯಗಳ ದರವನ್ನು ಓದುವಾಗ ಎಚ್ಚರ ಬೇಕು. 2022ರಲ್ಲಿ ಅಂಡಮಾನ್–ನಿಕೋಬಾರ್‌ನ ದರ ಲಕ್ಷಕ್ಕೆ 42.8, ದೇಶದ್ದು 12.4, ಅಷ್ಟು ಕಡಿಮೆ ಜನರಿರುವಲ್ಲಿ ಕೆಲವೇ ಸಾವುಗಳು ದರವನ್ನು ಏರಿಳಿಸುತ್ತವೆ. ಕಾಲೇಜು ಆವರಣಗಳ ಮಾತೂ ಅದೇ. ದೆಹಲಿ ಐಐಟಿಯಲ್ಲಿ 2023ರಲ್ಲಿ ಇಬ್ಬರು ವಿದ್ಯಾರ್ಥಿಗಳು ಸತ್ತ ಪ್ರಕರಣದಲ್ಲಿ ಎಫ್‌ಐಆರ್ ದಾಖಲಿಸುವಂತೆ ಸುಪ್ರೀಂ ಕೋರ್ಟ್ 2025ರ ಮಾರ್ಚ್ 24ರಂದು ಆದೇಶಿಸಿ, ನಿವೃತ್ತ ನ್ಯಾಯಮೂರ್ತಿ ಎಸ್. ರವೀಂದ್ರ ಭಟ್ ನೇತೃತ್ವದಲ್ಲಿ ರಾಷ್ಟ್ರೀಯ ಕಾರ್ಯಪಡೆ ರಚಿಸಿತು.

2022ರ ಅಕ್ಟೋಬರ್‌ನಲ್ಲಿ ಆರಂಭವಾದ, ಬೆಂಗಳೂರಿನ ನಿಮ್ಹಾನ್ಸ್ ಸಮನ್ವಯದ ಉಚಿತ ಸಹಾಯವಾಣಿ ಟೆಲಿ-ಮಾನಸ್‌ನ ಸಂಖ್ಯೆ 14416. ಹಗಲುರಾತ್ರಿ ಕರೆ ಮಾಡಬಹುದು; ಕನ್ನಡದಲ್ಲೂ ಸೇವೆಯಿದೆ.