ಹಿಮ ತಳ್ಳುವ ಬ್ಲೇಡ್: ವಾಹನಕ್ಕೆ ತಕ್ಕ ಆಯ್ಕೆ

ಅಮೆರಿಕ, ಕೆನಡಾಗಳಲ್ಲಿ ಮನೆಯಂಗಳದ ಹಿಮ ತೆರವಿಗೆ ಸಣ್ಣ ಯುಟಿಲಿಟಿ ವಾಹನಗಳ ಮುಂಭಾಗಕ್ಕೆ ‘ಸ್ನೋ ಪ್ಲೋ’ ಅಳವಡಿಸುವುದು ವಾಡಿಕೆ. ಆಯ್ಕೆಯಲ್ಲಿ ಮೊದಲು ಪರಿಗಣಿಸಬೇಕಾದುದು ವಾಹನದ ಅಗಲ ಹಾಗೂ ಮುಂದಿನ ಆಕ್ಸಲ್‌ನ ಭಾರಮಿತಿ. ಹಿಮದ ಪ್ರಮಾಣ ಅನಂತರದ ವಿಷಯ.

ಹಿಮವನ್ನು ಪಕ್ಕಕ್ಕೆ ಸರಿಸಲು ಬ್ಲೇಡನ್ನು ಓರೆಯಾಗಿಸಿದಾಗ ಅದರ ವ್ಯಾಪ್ತಿ ಕುಗ್ಗುತ್ತದೆ. 72 ಅಂಗುಲದ ಬ್ಲೇಡ್ 30 ಡಿಗ್ರಿ ಓರೆಯಾದರೆ ಸುಮಾರು 62 ಅಂಗುಲವನ್ನಷ್ಟೇ ತೆರವುಗೊಳಿಸುತ್ತದೆ. ವಾಹನ ಅದಕ್ಕಿಂತ ಅಗಲವಾಗಿದ್ದರೆ ಚಕ್ರಗಳು ಹಿಮವನ್ನು ತುಳಿದು ಗಟ್ಟಿಗೊಳಿಸುತ್ತವೆ.

ಉಕ್ಕಿನ ಬ್ಲೇಡ್ ಹೆಪ್ಪುಗಟ್ಟಿದ ಹಿಮಕ್ಕೆ ಸೂಕ್ತ. ಪಾಲಿಎಥಿಲೀನ್ ಬ್ಲೇಡ್ ತುಕ್ಕು ಹಿಡಿಯದು, ಅದಕ್ಕೆ ಹಿಮ ಅಂಟುವುದೂ ಕಡಿಮೆ.

ವಾಹನದ ಮಾದರಿಗೆಂದೇ ತಯಾರಾದ ಮೌಂಟನ್ನು ಬಂಪರಿಗಲ್ಲದೆ ಚಾಸಿಗೇ ಜೋಡಿಸಬೇಕು. ಮೊದಲ ಬಳಕೆಯ ಬಳಿಕ ಬೋಲ್ಟುಗಳನ್ನು ಮರಳಿ ಬಿಗಿಗೊಳಿಸುವುದು ಅಗತ್ಯ. ಹಿಮದಡಿ ಅಡಗಿದ ಕಲ್ಲು ತಗುಲಿದಾಗ ಬ್ಲೇಡ್ ಮುಂದಕ್ಕೆ ಬಾಗುವಂತೆ ಸ್ಪ್ರಿಂಗ್ ಇರುತ್ತದೆ. ಅದನ್ನು ಅತಿಯಾಗಿ ಬಿಗಿದರೆ ಪೆಟ್ಟು ನೇರವಾಗಿ ಚಾಸಿಗೆ ಬೀಳುತ್ತದೆ. ಜಲ್ಲಿ ಹಾದಿಯಲ್ಲಿ ಬ್ಲೇಡ್ ನೆಲ ಕೆರೆಯದಂತೆ ಅದರಡಿ ‘ಸ್ಕಿಡ್ ಶೂ’ ಜೋಡಿಸಬೇಕು.

ಬ್ಲೇಡ್ ಎತ್ತಿದಾಗ ಭಾರವು ಮುಂದಕ್ಕೆ ವಾಲಿ ಹಿಂದಿನ ಚಕ್ರಗಳ ಹಿಡಿತ ಸಡಿಲಗೊಳ್ಳುತ್ತದೆ. ಇಳಿಜಾರಿನಲ್ಲಿ ಇದು ಪ್ರಾಣಾಪಾಯಕ್ಕೂ ದಾರಿಯಾಗಬಹುದು. ಆದ್ದರಿಂದ, ತಯಾರಕರು ಸೂಚಿಸಿದ ಮಿತಿಯೊಳಗೆ ವಾಹನದ ಹಿಂಭಾಗದಲ್ಲಿ ಮರಳು ಚೀಲಗಳನ್ನು ಅಲುಗಾಡದಂತೆ ಕಟ್ಟಿ, ನಿಧಾನವಾಗಿ ಚಲಾಯಿಸುವುದು ಕ್ಷೇಮ.